ಕಾಡುಹಂದಿ ಓಡಿಸಲು ಡಬ್ಬದ ಸದ್ದೋ, ಯಂತ್ರದ ಸದ್ದೋ?

ಗದ್ದೆಗೆ ಹಂದಿ ಹಿಂಡುಹಿಂಡಾಗಿ ಇಳಿಯುವುದು ಕದಿರಿಗೆ ಹಾಲು ತುಂಬುವ ಹೊತ್ತಿಗೆ. ಬಾಳೆ, ಮರಗೆಣಸು, ಕೆಸು, ಸುವರ್ಣಗೆಡ್ಡೆ ಇರುವ ತೋಟಕ್ಕಾದರೆ ಅದಕ್ಕೆ ಕಾಲವೆಂಬುದಿಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಗುಡ್ಡೆಯ ಬುಡದಲ್ಲಿ ಬೇಸಾಯ ಮಾಡುವವರು ಡಬ್ಬ ಬಡಿಯುವುದು, ಕೂಗುವುದು, ನಾಯಿ ಬಿಡುವುದು ಹಳೆಯ ಕ್ರಮ. ಬ್ಯಾಟರಿಯಿಂದ ನಡೆಯುವ ಹಾರ್ನ್ ಸ್ಪೀಕರ್ ಹೊಸತು. ಯಾವುದನ್ನು ಆರಿಸಿದರೂ ಒಂದು ವಿಷಯ ಮೊದಲೇ ಗೊತ್ತಿರಲಿ: ಸದ್ದಿನ ಬೆನ್ನಿಗೆ ಮನುಷ್ಯನೋ ನಾಯಿಯೋ ಬಂದೇ ಬರುತ್ತದೆ ಎಂಬ ಅನುಭವ ಇದ್ದರಷ್ಟೇ ಹಂದಿ ಸದ್ದಿಗೆ ಹೆದರುತ್ತದೆ. ಅಪಾಯವಿಲ್ಲದ ಸದ್ದನ್ನು ಅದು ಕೆಲವೇ ದಿನಗಳಲ್ಲಿ ಲೆಕ್ಕಕ್ಕಿಡುವುದಿಲ್ಲ.

ಮೊದಲು ಹಳೆಯ ಕ್ರಮ. ತೋಡಿನಲ್ಲಿ ನೀರಿದ್ದರೆ ಅಡಕೆ ದಂಬೆಯ (ಸೀಳಿ ತಿರುಳು ತೆಗೆದ ಅಡಕೆ ಮರದ) ತಟ್ಟುಗ, ಅಂದರೆ ನೀರಿನ ಭಾರದಿಂದ ತಾನೇ ಬಡಿಯುವ ಸಾಧನ, ಖರ್ಚಿಲ್ಲದ ಉಪಾಯ. ನಾಲ್ಕೈದು ಅಡಿ ಉದ್ದದ ದಂಬೆಯ ಹಿಂದಿನ ತುದಿಗೆ ಅಡ್ಡ ಹಲಗೆ ಹೊಡೆದು ನೀರು ನಿಲ್ಲುವಂತೆ ಮಾಡಿ, ನಡುವಿನಿಂದ ತುಸು ಆಚೀಚೆ ಕಬ್ಬಿಣದ ಸರಳು ತೂರಿಸಿ ಎರಡು ಗೂಟಗಳ ಮೇಲೆ ಕೂರಿಸಿ. ಖಾಲಿ ಇದ್ದಾಗ ಹಿಂದಿನ ತುದಿ ಭಾರವಾಗಿ ಕೆಳಗಿರಬೇಕು. ತೋಡಿನ ನೀರಿನ ಧಾರೆ ಬಿದ್ದು ದಂಬೆ ತುಂಬಿದಾಗ ಮುಂದಿನ ತುದಿ ಬಾಗಿ ನೀರು ಚೆಲ್ಲುತ್ತದೆ, ಹಿಂದಿನ ತುದಿ ರಪ್ಪನೆ ಬಿದ್ದು ಕೆಳಗಿಟ್ಟ ತಗಡಿನ ಡಬ್ಬಕ್ಕೆ ಬಡಿಯುತ್ತದೆ. ಬಾಗದೆ ನಿಂತರೆ ಸರಳನ್ನು ಹಿಂದಿನ ತುದಿಯ ಕಡೆಗೆ ಒಂದೆರಡು ಅಂಗುಲ ಸರಿಸಿ. ಇದರ ದೋಷ ಒಂದೇ, ಆದರೆ ದೊಡ್ಡದು: ಹೊಡೆತ ಗಡಿಯಾರದಷ್ಟು ಕ್ರಮಬದ್ಧ. ಹಂದಿ ಅದನ್ನು ಬೇಗ ಕಲಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಡಬ್ಬ ಬದಲಿಸಿ, ನೀರಿನ ಧಾರೆ ಹೆಚ್ಚು ಕಡಿಮೆ ಮಾಡಿ, ಜಾಗವನ್ನೂ ಬದಲಿಸಿ.

ಕಾವಲು ಗುಡಿಸಲಿನಿಂದ ಹಗ್ಗ ಎಳೆದು ಬಡಿಸುವ ಡಬ್ಬ ಇದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಎಳೆಯುವ ಕೈ ಲೆಕ್ಕ ಹಿಡಿದು ಎಳೆಯುವುದಿಲ್ಲ. ಕೂಗು, ನಾಯಿಯ ಬೊಗಳು, ಟಾರ್ಚಿನ ಬೆಳಕು ಒಟ್ಟಿಗೆ ಬಂದರೆ ಇನ್ನೂ ಒಳ್ಳೆಯದು. ಒಂದು ಎಚ್ಚರಿಕೆ: ಹಂದಿ ಬಂದ ದಾರಿಯಲ್ಲೇ ವಾಪಸು ಓಡುತ್ತದೆ. ಆ ದಾರಿಗೆ ಅಡ್ಡ ನಿಲ್ಲಬೇಡಿ. ಮರಿಗಳಿರುವ ಹೆಣ್ಣು ಹಂದಿಯಾಗಲಿ, ಮೂಲೆಗೆ ಸಿಕ್ಕಿದ ಗಂಡಾಗಲಿ ತಿರುಗಿ ಬಿದ್ದರೆ ತೊಡೆ ಸೀಳುವ ಗಾಯವಾಗುತ್ತದೆ.

ಇನ್ನು ಯಂತ್ರ. ಮನುಷ್ಯನ ಕಿವಿಗೆ ಕೇಳದ ಸದ್ದಿನಿಂದ ಹಂದಿ ಓಡಿಸುತ್ತೇವೆ ಎಂದು ಮಾರುವ ಪುಟ್ಟ ಪೆಟ್ಟಿಗೆಗಳಿಗೆ ಹಣ ಹಾಕಬೇಡಿ. ಹಂದಿಗೆ ಸುಮಾರು 40 ಕಿಲೋಹರ್ಟ್ಸ್‌ವರೆಗೆ ಕೇಳಿಸುತ್ತದೆ ಎಂಬುದು ನಿಜ. ಆದರೆ ಅದರ ಕಿವಿ ಚುರುಕಾಗಿರುವುದು 250 ಹರ್ಟ್ಸ್‌ನಿಂದ 16 ಕಿಲೋಹರ್ಟ್ಸ್‌ವರೆಗೆ, ಅಂದರೆ ಬಹುಪಾಲು ನಮಗೂ ಕೇಳುವ ಸದ್ದಿಗೆ. ಅತಿ ಎತ್ತರದ ಸದ್ದು ಗಾಳಿಯಲ್ಲೇ ಬೇಗ ಸೊರಗುತ್ತದೆ, ಒಂದು ಸಾಲು ಬಾಳೆ ಎಲೆ ಅಡ್ಡ ಬಂದರೆ ಆಚೆಗೆ ದಾಟುವುದೇ ಕಷ್ಟ.

ಕೇಳುವ ಸದ್ದಿನ ಪೆಟ್ಟಿಗೆಯನ್ನು ಮನೆಯಲ್ಲೇ ಜೋಡಿಸಬಹುದು. 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ, ಮೆಮೊರಿ ಕಾರ್ಡ್ ಹಾಕುವ ಪ್ಲೇಯರ್ ಇರುವ ಆಂಪ್ಲಿಫೈಯರ್ ಬೋರ್ಡ್, 8 ಓಮ್ ಹಾರ್ನ್, 12 ವೋಲ್ಟಿನ ಡಿಜಿಟಲ್ ಟೈಮರ್, 20 ವ್ಯಾಟ್ ಸೋಲಾರ್ ಪ್ಯಾನಲ್, ಚಾರ್ಜ್ ಕಂಟ್ರೋಲರ್, ಬ್ಯಾಟರಿಯ ಪಕ್ಕದಲ್ಲೇ 3 ಆಂಪಿಯರ್ ಫ್ಯೂಸ್. ಬೋರ್ಡಿನ ಮೇಲೆ 50 ವ್ಯಾಟ್ ಎಂದು ಬರೆದಿದ್ದರೂ 12 ವೋಲ್ಟಿನಲ್ಲಿ 8 ಓಮ್ ಹಾರ್ನ್‌ಗೆ ಸುಮಾರು 9 ವ್ಯಾಟ್‌ಗಿಂತ ಹೆಚ್ಚು ಶುದ್ಧ ಸದ್ದು ಸಿಗದು. ಹಾರ್ನ್ ಆದರೆ ಅಷ್ಟೇ ಸಾಕು. ವಾಲ್ಯೂಮ್ ತುದಿಗೆ ತಿರುಗಿಸಿದರೆ ಸದ್ದು ಒಡೆಯುತ್ತದೆ, ಕೊನೆಗೆ ಹಾರ್ನಿನ ಒಳಗಿನ ತಂತಿಯ ಸುರುಳಿಯೂ ಸುಟ್ಟುಹೋದೀತು.

ಟೈಮರನ್ನು ಬ್ಯಾಟರಿಗೂ ಆಂಪ್ಲಿಫೈಯರಿಗೂ ನಡುವೆ ಕೂರಿಸಿ, ಹೊತ್ತಲ್ಲದ ಹೊತ್ತಿನಲ್ಲಿ ಬೋರ್ಡಿಗೆ ಕರೆಂಟೇ ಹೋಗದಂತೆ. ಕಾರಣ ಲೆಕ್ಕದಲ್ಲಿದೆ. ರಾತ್ರಿ 15 ಸಲ, ಪ್ರತಿ ಸಲ 40 ಸೆಕೆಂಡು ನುಡಿಸಿದರೆ ಒಟ್ಟು ಹತ್ತು ನಿಮಿಷ. ಒಂದು ಆಂಪಿಯರಿನಂತೆ ಖರ್ಚಾಗುವುದು 0.2 ಆಂಪಿಯರ್-ಅವರ್‌ಗೂ ಕಡಿಮೆ. ಬೋರ್ಡ್ ಸುಮ್ಮನೆ ಉರಿಯುತ್ತಾ ಕೂತು 80 ಮಿಲಿ ಆಂಪಿಯರ್ ಎಳೆದರೆ ಹತ್ತು ಗಂಟೆಗೆ 0.8 ಹೋಗುತ್ತದೆ. ಮಳೆಗಾಲದಲ್ಲಿ ಬ್ಯಾಟರಿ ಬೇಗ ಸಾಯುವುದು ಬಹಳ ಸಲ ಇದರಿಂದಲೇ. ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಪ್ಯಾನಲನ್ನು ನಂಬಬೇಡಿ. ಎರಡು ಬ್ಯಾಟರಿ ಇಟ್ಟುಕೊಂಡು ಒಂದನ್ನು ಮನೆಯಲ್ಲಿ ಚಾರ್ಜ್ ಮಾಡುತ್ತಾ ಬದಲಿಸಿ.

ಕೊಳ್ಳುವ ಮೊದಲು ಬೋರ್ಡನ್ನು ಅಂಗಡಿಯಲ್ಲೇ ನಾಲ್ಕೈದು ಸಲ ಆಫ್ ಮಾಡಿ ಆನ್ ಮಾಡಿ ನೋಡಿ. ಕೆಲವು ಬೋರ್ಡು ಪ್ರತಿ ಸಲವೂ ಮೊದಲ ಹಾಡಿನಿಂದಲೇ ಶುರುಮಾಡುತ್ತವೆ. ಹಾಗಾದರೆ ಕಾರ್ಡಿನಲ್ಲಿ ಇಪ್ಪತ್ತು ಸದ್ದಿದ್ದರೂ ಹಂದಿ ಕೇಳುವುದು ಒಂದನ್ನೇ. ನಿಲ್ಲಿಸಿದ ಕಡೆಯಿಂದ ಮುಂದುವರಿಸುವ ಬೋರ್ಡೇ ಬೇಕು. ಇನ್ನು ಕೆಲವು ಬ್ಲೂಟೂತ್‌ಗೆ ಹೋಗಿ ಸುಮ್ಮನೆ ಕೂತುಬಿಡುತ್ತವೆ.

ಯಾವ ಸದ್ದು? ಹುಲಿಯ ಘರ್ಜನೆಗಿಂತ ನಿಮ್ಮ ಮನೆಯವರ ಕೂಗು, ನಿಮ್ಮದೇ ನಾಯಿಯ ಬೊಗಳು, ನಿಮ್ಮದೇ ಡಬ್ಬದ ಬಡಿತ ಒಳ್ಳೆಯದು. ವಾರದಲ್ಲಿ ಒಂದೆರಡು ರಾತ್ರಿ ನಿಜವಾಗಿ ನಾಯಿ ಹಿಡಿದು, ಟಾರ್ಚ್ ಹಾಕಿ, ಅದೇ ಕೂಗು ಕೂಗುತ್ತಾ ಗದ್ದೆಗೆ ಇಳಿಯಿರಿ. ಆಗ ಉಳಿದ ರಾತ್ರಿ ಹಾರ್ನ್ ಕೂಗಿದಾಗಲೂ ಹಂದಿಗೆ ನಂಬಿಕೆ ಬರುತ್ತದೆ. ಹಳೆಯ ಕ್ರಮ ಬಿಟ್ಟು ಯಂತ್ರ ಒಂದನ್ನೇ ನೆಚ್ಚಿದ ಕಡೆ ಸೋಲುವುದು ಇಲ್ಲಿಯೇ. ಫೋನಿನಲ್ಲೇ ರೆಕಾರ್ಡ್ ಮಾಡಿದರೆ ಸಾಕು, ಬಾಯಿಯಿಂದ ಮೂರು ನಾಲ್ಕು ಅಡಿ ದೂರ ಹಿಡಿಯಿರಿ. 20ರಿಂದ 60 ಸೆಕೆಂಡಿನ ಹನ್ನೆರಡು ಹದಿನೈದು ತುಣುಕು ಮಾಡಿ, ವಾರಕ್ಕೊಮ್ಮೆ ಅನುಕ್ರಮ ಬದಲಿಸಿ. ಟೈಮರಿನ ಹೊತ್ತನ್ನೂ ಬದಲಿಸಿ: 7.40, 8.05, 9.30 ಹೀಗೆ ಅಂತರ ಒಂದೇ ಇರದಂತೆ.

ಹಂದಿ ಬಂದಾಗ ಮಾತ್ರ ಕೂಗಬೇಕೆಂದರೆ ಟೈಮರಿನ ಬದಲು ಮೈಶಾಖದ ಚಲನೆ ಗುರುತಿಸುವ ಪಿಐಆರ್ ಸೆನ್ಸರ್ ಹಾಕಬಹುದು. ಅದನ್ನು ನೆಲದಿಂದ ಎರಡು ಅಡಿ ಎತ್ತರದಲ್ಲಿ, ಹಂದಿ ಅದರ ಎದುರು ಅಡ್ಡ ಹಾಯುವಂತೆ ಕಟ್ಟಿ. ನೇರ ಎದುರಿಗೆ ಬರುವುದನ್ನು ಅದು ತಡವಾಗಿ ಗುರುತಿಸುತ್ತದೆ. ಅಗ್ಗದವು ಐದಾರು ಮೀಟರಿಗಿಂತ ದೂರ ನೆಚ್ಚುವಂತಿಲ್ಲ. ಮುಂದೆ ಅಲ್ಲಾಡುವ ಎಲೆಯಿದ್ದರೆ ಸುಮ್ಮಸುಮ್ಮನೆ ಕೂಗುತ್ತದೆ.

ಹಾರ್ನ್ ಬೈಲಿನ (ಗದ್ದೆಬಯಲಿನ) ನಡುವೆ ಬೇಡ, ಹಂದಿ ಇಳಿಯುವ ಅಂಚಿನಲ್ಲಿ ಗುಡ್ಡೆಗೆ ಮುಖ ಮಾಡಿ, ಬಾಯಿ ತುಸು ಕೆಳಗೆ ಬಾಗಿಸಿ ಕಟ್ಟಿ. ಮಳೆ ನೀರು ಒಳಗೆ ಹೋಗದು. ಕಣಜ ಗೂಡು ಕಟ್ಟದಂತೆ ಬಾಯಿಗೆ ಬಲೆ ಹಾಕಿ. ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ, ಹಾಗಾಗಿ ಒಂದು ಹಾರ್ನ್ ಇಡೀ ಬೈಲನ್ನು ಕಾಯದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ನಿರ್ಬಂಧವಿದೆ. ಪಂಚಾಯತಿನಲ್ಲಿ ಕೇಳಿ, ನೆರೆಮನೆಯವರಿಗೆ ಹೇಳಿಯೇ ಇಡಿ. ಪಟಾಕಿ ತುಂಬಿದ ಉಂಡೆ, ಲೈನಿನಿಂದ ನೇರ ಕರೆಂಟ್ ಹಾಯಿಸಿದ ತಂತಿ ಎರಡೂ ಅಪರಾಧ, ಎರಡೂ ಮನುಷ್ಯರನ್ನೇ ಕೊಂದಾವು. ಕಾರಡ್ಕ, ಮುಳಿಯಾರು, ದೇಲಂಪಾಡಿಯಂತೆ ಆನೆ ಬರುವ ಕಡೆ ಆನೆ ಸುಳಿದ ಸುದ್ದಿ ಇದ್ದರೆ ಹಾರ್ನ್ ಆಫ್ ಮಾಡಿ, ಗದ್ದೆಗೆ ಇಳಿಯದೆ ಅರಣ್ಯ ಇಲಾಖೆಗೆ ತಿಳಿಸಿ.

ಯಂತ್ರವನ್ನು ವರ್ಷವಿಡೀ ಕೂಗಿಸಬೇಡಿ. ಹೊಡೆ ಒಡೆಯುವ (ಕದಿರು ಹೊರಬರುವ) ಹೊತ್ತಿಗೆ ಶುರುಮಾಡಿ, ಕೊಯ್ಲಾದ ದಿನವೇ ಇಳಿಸಿ. ತೋಟದಲ್ಲಾದರೆ ಗೆಡ್ಡೆ ಬಲಿಯುವ ವಾರಗಳಿಗೆ ಮಾತ್ರ. ಇಳಿಸಿದ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಟ್ಟು, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಿ. ಖಾಲಿ ಇಟ್ಟರೆ ಮುಂದಿನ ಬೆಳೆಗೆ ಅದು ಎದ್ದೇಳುವುದಿಲ್ಲ.