ವುಜೂ ನೀರಿನ ಡ್ರಮ್ಮಿಗೆ ಒಂದು ನಳ ಕೂಡಿಸಿ

ವುಜೂಗೆ, ಅಂದರೆ ನಮಾಜಿಗೆ ಮೊದಲು ಕೈ, ಬಾಯಿ, ಮೂಗು, ಮುಖ, ಕಾಲು ತೊಳೆದುಕೊಳ್ಳುವುದಕ್ಕೆ, ನೀರು ತುಂಬಿಡುವ ಡ್ರಮ್ಮಿಗೆ ತಳದಿಂದ ನಾಲ್ಕು ಬೆರಳು ಮೇಲೆ ಒಂದು ಪ್ಲಾಸ್ಟಿಕ್ ನಳ ಕೂಡಿಸಿ, ಬಾಯಿಗೆ ಮುಚ್ಚಳ ಹಾಕಿಡಿ. ಮಗ್ ಅದ್ದುವುದನ್ನು ಪೂರ್ತಿ ನಿಲ್ಲಿಸಿ. ನೀರು ಬಂದಾಗ ತುಂಬಿಟ್ಟುಕೊಂಡು ದಿನಗಟ್ಟಲೆ ಬಳಸುವ ನಮ್ಮ ವಿಜಯಪುರದ ಓಣಿಗಳಲ್ಲಿ ಇದು ಬಹಳ ಮುಖ್ಯ. ಸ್ವಚ್ಛ ನೀರು ಬಂದರೂ ಮನೆಯಲ್ಲಿ ಕೈ, ಮಗ್ ಮುಳುಗಿಸಿದಾಗಲೇ ಅದು ಕೆಡುತ್ತದೆ. ವಾಂತಿ ಭೇದಿ, ಟೈಫಾಯ್ಡ್, ಕಾಮಾಲೆ ಹರಡುವುದಕ್ಕೆ ಇದೂ ಒಂದು ದಾರಿ. ವುಜೂದಲ್ಲಿ ಮೂರು ಸಲ ಬಾಯಿ ಮುಕ್ಕಳಿಸುತ್ತೇವೆ. ಕುಡಿಯದಿದ್ದರೂ ಒಂದಿಷ್ಟು ಹನಿ ಒಳಗೆ ಹೋಗಿಯೇ ಹೋಗುತ್ತದೆ, ಮಕ್ಕಳಿಗಂತೂ ಜಾಸ್ತಿ. ನಿದ್ದೆಯಿಂದ ಎದ್ದವರು ಮೂರು ಸಲ ಕೈ ತೊಳೆಯದೆ ಪಾತ್ರೆಯ ನೀರಿಗೆ ಕೈ ಹಾಕಬಾರದು ಎಂದು ಹದೀಸ್‌ನಲ್ಲೇ (ಪ್ರವಾದಿಯವರ ನುಡಿಗಳಲ್ಲಿ) ಇದೆ. ನಳ ಇದ್ದರೆ ಆ ಮಾತು ತಾನಾಗಿಯೇ ಪಾಲನೆಯಾಗುತ್ತದೆ. ನೀರೂ ಉಳಿಯುತ್ತದೆ, ಸಣ್ಣಗೆ ಬಿಟ್ಟುಕೊಂಡರೆ ಒಂದು ತಂಬಿಗೆಯಲ್ಲಿ ಮುಗಿಯುತ್ತದೆ.

ಆದರೆ ಬಂದ ನೀರೇ ಕೆಟ್ಟಿದ್ದರೆ ನಳದಿಂದ ಉಪಯೋಗವಿಲ್ಲ. ಮಳೆಗಾಲದಲ್ಲಿ ಕೆಂಪು ನೀರು ಬಂದರೆ ಕ್ಲೋರಿನ್ ಗುಳಿಗೆಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೊದಲು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಆಮೇಲೆ ಗುಳಿಗೆ ಹಾಕಿ ಅರ್ಧ ತಾಸು ಬಿಡಿ. ಬಾಯಿಗೆ, ಮೂಗಿಗೆ ಮಾತ್ರ ಕುದಿಸಿ ಆರಿಸಿದ ನೀರನ್ನು ಬೇರೆ ತಂಬಿಗೆಯಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಡ್ರಮ್ಮನ್ನು ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ತೊಳೆಯಿರಿ. ಇನ್ನೊಂದು ಮಾತು, ಸಂಡಾಸದಿಂದ ಬಂದ ಮೇಲೆ ಬರೀ ನೀರು ಸಾಲದು. ಮೊದಲು ಸೋಪು ಹಚ್ಚಿ ಕೈ ತೊಳೆದು, ಆಮೇಲೆ ವುಜೂ ಮಾಡಿ.