ಫ್ರಾನ್ಸ್ ಹಳ್ಳಿಗಳಲ್ಲಿ ಗ್ರ್ಯಾವೆಲ್ (ಜಲ್ಲಿ ದಾರಿ) ಸೈಕ್ಲಿಂಗ್: ನೀರು, ಊಟದ್ದು ಮೊದಲು ನೋಡ್ಕೊಳಿ

ಮೊದಲ ಸಲ ಹೋಗೋರು ಬರ್ಗಂಡಿಯ ನಿವೆರ್ನೇ ಕಾಲುವೆ ದಾರಿ ಹಿಡೀರಿ, ಒಸ್ಸೇರ್‌ನಿಂದ ದೆಸೀಜ್‌ವರೆಗೆ ಸುಮಾರು 174 ಕಿಮೀ, ಅರ್ಧದಷ್ಟು ದಾರಿ ಯೊನ್ ನದಿ ಪಕ್ಕದಲ್ಲೇ ಹೋಗುತ್ತೆ, ಏರು ತುಂಬಾ ಕಮ್ಮಿ. ಕೆಲವು ಕಡೆ ಟಾರು, ಕೆಲವು ಕಡೆ ಬರೀ ಜಲ್ಲಿ, ಹಾಗಾಗಿ 40 ಎಂಎಂ ಟೈರ್ ಇದ್ರೆ ಆರಾಮ. ಸಾರ್ದಿ ಹತ್ರ ದೋಣಿಗಳನ್ನ ನೀರಿನ ಮಟ್ಟ ಬದಲಿಸಿ ಹತ್ತಿಸೋ ಇಳಿಸೋ ಲಾಕ್‌ಗಳು ಸಾಲಾಗಿ 16 ಇವೆ, ಅಲ್ಲಿ ಮಾತ್ರ ಅವಸರ ಮಾಡ್ಬೇಡಿ, ಕೂತು ನೋಡೋ ಜಾಗ ಅದು.

ನೀರು ಖಾಲಿಯಾದ್ರೆ ಊರಿನ ಸ್ಮಶಾನ ಹುಡುಕಿ! ನಮ್ ಕಡೆಯವರಿಗೆ ಕೇಳೋಕೇ ಒಂಥರಾ ಅನ್ಸುತ್ತೆ, ಆದ್ರೆ ಹೂಗಿಡಕ್ಕೆ ಹಾಕೋಕೆ ಅಂತ ಗೇಟ್ ಒಳಗೇ ನಲ್ಲಿ ಇಟ್ಟಿರ್ತಾರೆ, ನಾನು ಎಷ್ಟೋ ಸಲ ಅಲ್ಲೇ ಬಾಟಲ್ ತುಂಬಿಸ್ಕೊಂಡಿದೀನಿ. "ನೋ ಪೊಟಾಬ್ಲ್" ಅಂತ ಬೋರ್ಡ್ ಇದ್ರೆ ಮಾತ್ರ ಕುಡೀಬೇಡಿ.

ಊಟಕ್ಕೆ ಮಧ್ಯಾಹ್ನ 12ರ ಒಳಗೇ ಬ್ರೆಡ್, ಚೀಸ್ ತಗೊಂಡು ಬ್ಯಾಗಲ್ಲಿ ಹಾಕ್ಕೊಂಡ್ಬಿಡಿ, ಆಮೇಲೆ ಹಳ್ಳಿ ಅಂಗಡಿಗಳು ಎರಡು ಗಂಟೆವರೆಗಾದ್ರೂ ಬಾಗಿಲು ಹಾಕಿರ್ತವೆ, ಭಾನುವಾರ ಮಧ್ಯಾಹ್ನ, ಸೋಮವಾರ ಅಂತೂ ಎಷ್ಟೋ ಊರಲ್ಲಿ ಏನೂ ಸಿಗಲ್ಲ. ವೆಜಿಟೇರಿಯನ್ ಆಗಿದ್ರೆ ಇದು ಇನ್ನೂ ಮುಖ್ಯ.