ಮಾಲ್ಟ್ ತಡವಾಗಿ, ಈಸ್ಟ್ ಇನ್ನೂ ತಡವಾಗಿ

ಮನೆಯಲ್ಲಿ ಬಿಯರ್ ಮಾಡುವವರು ಎಡವುವುದು ಹೆಚ್ಚಾಗಿ ಎರಡು ಕಡೆ. ಮಾಲ್ಟ್ ಎಕ್ಸ್‌ಟ್ರ್ಯಾಕ್ಟನ್ನು (ಮೊಳಕೆ ಬರಿಸಿದ ಬಾರ್ಲಿಯ ಸಿಹಿ ರಸವನ್ನು ಇಂಗಿಸಿದ್ದು) ಶುರುವಿನಲ್ಲೇ ಪೂರ್ತಿ ಸುರಿದುಬಿಡುತ್ತಾರೆ. ಈಸ್ಟ್ ಪ್ಯಾಕೆಟ್ಟನ್ನು ಕೊನೆಯಲ್ಲಿ ಹುಡುಕಿ ತಂದು ಹಾಗೇ ಉದುರಿಸುತ್ತಾರೆ. ಆಮೇಲೆ ಹೊಂಬಣ್ಣಕ್ಕೆ ಬರಬೇಕಿದ್ದ ಏಲ್ ಬಿಯರ್ ಕಂದಾಗಿದೆ, ಎರಡು ದಿನವಾದರೂ ನೊರೆ ಎದ್ದಿಲ್ಲ ಎಂದು ರೆಸಿಪಿಯನ್ನು ಬೈಯುತ್ತಾರೆ. ಅದೇ ರೆಸಿಪಿಯನ್ನು ಹೊತ್ತು ನೋಡಿ ಮಾಡಿದರೆ ಚೆನ್ನಾಗೇ ಬರುತ್ತದೆ.

ಇಲ್ಲಿರುವುದು 20 ಲೀಟರಿನ ಲೆಕ್ಕ. 3 ಕಿಲೋ ದ್ರವ ಎಕ್ಸ್‌ಟ್ರ್ಯಾಕ್ಟ್, ಇಲ್ಲವೇ ಸುಮಾರು 2.4 ಕಿಲೋ ಪುಡಿ. ಗ್ರಾವಿಟಿ (ನೀರಿಗೆ ಹೋಲಿಸಿದರೆ ದ್ರವದ ಸಾಂದ್ರತೆ) ಹತ್ತಿರ ಹತ್ತಿರ 1.045 ಬರುತ್ತದೆ. ನನ್ನ ಓಟು ಪುಡಿಗೆ. ದ್ರವ ಎಕ್ಸ್‌ಟ್ರ್ಯಾಕ್ಟ್ ಡಬ್ಬಿಯಲ್ಲಿ ಕೂತಲ್ಲೇ ಕಪ್ಪಾಗುತ್ತಾ, ಹಳಸಲು ರುಚಿ ಹಿಡಿಯುತ್ತಾ ಹೋಗುತ್ತದೆ. ದ್ರವವನ್ನೇ ಕೊಳ್ಳುವುದಾದರೆ ಡಬ್ಬಿಯ ಮೇಲಿನ ತಾರೀಖು ನೋಡದೆ ಕೊಳ್ಳಬೇಡಿ.

ಹಂತ 1. ನೀರು ಕಾಯಿಸಿ.

ಹಂತ 2. ಒಲೆ ಆರಿಸಿ, ಎಕ್ಸ್‌ಟ್ರ್ಯಾಕ್ಟ್‌ನ ಕಾಲು ಭಾಗ ಮಾತ್ರ ಕರಗಿಸಿ. ಮತ್ತೆ ಕುದಿ ಬಂದ ಮೇಲೆ ಕಹಿಯ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಬಳ್ಳಿಯ ಹೂ) ಹಾಕಿ, 60 ನಿಮಿಷ ಲೆಕ್ಕ ಶುರು ಮಾಡಿ. ಆ ಕಾಲು ಭಾಗವೂ ಯಾಕೆ ಅಂತೀರಾ? ಬರೀ ನೀರಿನಲ್ಲಿ ಬೆಂದ ಹಾಪ್ಸ್ ಒರಟು ಕಹಿ ಬಿಡುತ್ತದೆ.

ಹಂತ 3. ಎಲ್ಲರೂ ಕೆಡಿಸಿಕೊಳ್ಳುವ ಜಾಗ ಇದು. ಉಳಿದ ಮುಕ್ಕಾಲು ಭಾಗವನ್ನು ಕೊನೆಯ 15 ನಿಮಿಷ ಇರುವಾಗ ಹಾಕಬೇಕು. ಒಂದು ಗಂಟೆ ಕುದಿಸುವುದು ಹಾಪ್ಸ್‌ಗಾಗಿ. ಅದರ ಆಲ್ಫಾ ಆಮ್ಲ ಬಿಸಿಗೆ ನಿಧಾನವಾಗಿ ರೂಪ ಬದಲಿಸಿದರೇನೇ ಕಹಿ ನೀರಿಗೆ ಇಳಿಯುತ್ತದೆ. ಮಾಲ್ಟ್‌ಗೆ ಆ ಗಂಟೆ ಬೇಕಿಲ್ಲ. ಪಿಷ್ಟವನ್ನು ಸಕ್ಕರೆ ಮಾಡುವ ಕೆಲಸವನ್ನು ಕಾರ್ಖಾನೆಯಲ್ಲೇ ಮುಗಿಸಿ, ನೀರು ಇಂಗಿಸಿ ಕೊಟ್ಟಿರುತ್ತಾರೆ. ನೀವು ಮಾಡಬೇಕಾದದ್ದು ಸೂಕ್ಷ್ಮಜೀವಿ ಸಾಯುವಷ್ಟು ಬಿಸಿ ಮುಟ್ಟಿಸುವುದು, ಅಷ್ಟೇ. ಸುಮ್ನೆ ಗಂಟೆಗಟ್ಟಲೆ ಕುದಿಸಿದರೆ ಸಕ್ಕರೆಯೂ ಪ್ರೋಟೀನೂ ಸೇರಿ ಕಂದುಬಣ್ಣ ಕಟ್ಟುತ್ತವೆ. ಸಣ್ಣ ಪಾತ್ರೆಯಲ್ಲಿ 10 ಲೀಟರ್ ಮಂದವಾಗಿ ಕುದಿಸಿ, ಆಮೇಲೆ ನೀರು ಬೆರೆಸಿ 20 ಮಾಡುವವರಿಗಂತೂ ಇದು ಇನ್ನೂ ಜಾಸ್ತಿ.

ಈಗ ಕೈಯ ಕೆಲಸ. ಒಲೆಯನ್ನು ಪೂರ್ತಿ ಆರಿಸಿ, ಸಣ್ಣ ಉರಿ ಸಾಲದು. ಕರೆಂಟ್ ಒಲೆಯಾದರೆ ಪಾತ್ರೆಯನ್ನೇ ಕೆಳಗಿಳಿಸಿ, ಆರಿಸಿದ ಮೇಲೂ ಅದರ ತಟ್ಟೆ ಕಾದೇ ಇರುತ್ತದೆ. ದ್ರವ ಎಕ್ಸ್‌ಟ್ರ್ಯಾಕ್ಟ್ ಕಲ್ಲಿನ ಹಾಗೆ ತಳಕ್ಕೆ ಇಳಿಯುತ್ತದೆ, ಅಲ್ಲಿ ಕುಳಿತು ಸೀಯುತ್ತದೆ. ಸೀದ ವಾಸನೆ ಬಿಯರಿಗೆ ಒಮ್ಮೆ ಹತ್ತಿತೆಂದರೆ ತೆಗೆಯಲು ದಾರಿಯಿಲ್ಲ. ಮುಂಚೆಯೇ ಡಬ್ಬಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿದ್ದರೆ ಅದು ಸಲೀಸಾಗಿ ಸುರಿಯುತ್ತದೆ. ಒಂದು ಕೈಯಲ್ಲಿ ಸುರಿಯುತ್ತಾ, ಇನ್ನೊಂದು ಕೈಯಲ್ಲಿ ಉದ್ದ ಸೌಟಿನಿಂದ ತಳ ಕೆರೆಯುತ್ತಾ ಇರಿ. ತಳದಲ್ಲಿ ಸೌಟಿಗೆ ಏನೂ ಅಂಟುತ್ತಿಲ್ಲ ಅನ್ನಿಸಿದ ಮೇಲೆ ಇನ್ನೂ ಎರಡು ನಿಮಿಷ ತಿರುಗಿಸಿ.

ಪುಡಿಯ ತಂಟೆ ಬೇರೆ. ಹಬೆ ತಾಗಿದರೆ ಪ್ಯಾಕೆಟ್ಟಿನ ಬಾಯಲ್ಲೇ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಪಾತ್ರೆಗೆ ಬಿದ್ದದ್ದು ಗಂಟು ಕಟ್ಟುತ್ತದೆ. ಇನ್ನೊಂದು ಪಾತ್ರೆಯಲ್ಲಿ ತಣ್ಣೀರಿಗೆ ಕಲಸಿಟ್ಟುಕೊಂಡು ಆಮೇಲೆ ಸುರಿಯಿರಿ. ಆ ನೀರನ್ನು ಒಟ್ಟು ಲೆಕ್ಕದಲ್ಲಿ ಕಳೆಯಲು ಮರೆಯಬೇಡಿ.

ಇಷ್ಟು ಮಾಡುವಾಗ ಕುದಿ ನಿಂತಿರುತ್ತದೆ. ಗಡಿಯಾರವನ್ನೂ ನಿಲ್ಲಿಸಿ. ತುಂಬ ಜನ ನಿಲ್ಲಿಸುವುದಿಲ್ಲ, 60 ಎಂದುಕೊಂಡದ್ದು 50ಕ್ಕೇ ಮುಗಿದಿರುತ್ತದೆ. ಒಲೆ ಮತ್ತೆ ಹಚ್ಚಿದ ಮೇಲೆ ಪಕ್ಕದಿಂದ ಕದಲಬೇಡಿ. ಎರಡನೇ ಸಲದ ಕುದಿ ಜೋರಾಗಿ ಉಕ್ಕುತ್ತದೆ.

ಇನ್ನೊಂದು ಮಾತು. ಪಾತ್ರೆಯ ನೀರು ತೆಳುವಾಗಿದ್ದರೆ ಹಾಪ್ಸ್‌ನ ಕಹಿ ಹೆಚ್ಚು ಇಳಿಯುತ್ತದೆ. ನಿಮ್ಮ ರೆಸಿಪಿ ಎಲ್ಲ ಮಾಲ್ಟನ್ನೂ ಮೊದಲೇ ಹಾಕುವ ಲೆಕ್ಕದ್ದಾದರೆ ಕಹಿಯ ಹಾಪ್ಸ್ ಸ್ವಲ್ಪ ಕಡಿಮೆ ಮಾಡಿ. ಪರಿಮಳಕ್ಕೆಂದು ಕೊನೆಯಲ್ಲಿ ಹಾಕುವ ಹಾಪ್ಸನ್ನು ಮುಟ್ಟಬೇಡಿ.

ಹಾಪ್ಸ್ ಸೇರಿಸಿಯೇ ಬರುವ ಕಿಟ್ ಡಬ್ಬಿಗಳಿವೆ. ಅವುಗಳಿಗೆ ಈ ಗಂಟೆಯ ಕುದಿ ಬೇಡ, ಕುದಿಸಿದರೆ ಪರಿಮಳ ಹೋಗುತ್ತದೆ. ಆದರೆ ಅದರ ಚೀಟಿ ಹೇಳುವಂತೆ ಒಂದು ಕಿಲೋ ಸಕ್ಕರೆ ಹಾಕಬೇಡಿ, ಬಿಯರ್ ನೀರುನೀರಾಗುತ್ತದೆ. ಅದರ ಬದಲು ಮಾಲ್ಟ್ ಪುಡಿ ಹಾಕಿ. ಮುಚ್ಚಳದ ಕೆಳಗಿರುವ ಈಸ್ಟ್ ಎಷ್ಟು ದಿನ ಎಂಥ ಬಿಸಿಲಲ್ಲಿತ್ತೋ ಯಾರಿಗೆ ಗೊತ್ತು? ಅದನ್ನು ಎತ್ತಿಟ್ಟು ಮುಂದಿನ ಸಲ ಕುದಿಯುವ ಪಾತ್ರೆಗೇ ಎಸೆಯಿರಿ. ಸತ್ತ ಈಸ್ಟ್ ಹೊಸ ಈಸ್ಟ್‌ಗೆ ಒಳ್ಳೆ ಆಹಾರ.

ಹಂತ 4. ಪಾತ್ರೆಯನ್ನು ಐಸ್ ನೀರಿನಲ್ಲಿ ಕೂರಿಸಿ 20 ಡಿಗ್ರಿಗೆ ಇಳಿಸಿ. ಇಲ್ಲಿಂದ ಮುಂದೆ ತಾಗುವುದೆಲ್ಲ ಸ್ಯಾನಿಟೈಸ್ ಆಗಿರಬೇಕು, ಈಸ್ಟ್ ಪ್ಯಾಕೆಟ್ ಕತ್ತರಿಸುವ ಕತ್ತರಿ ಕೂಡ.

ಹಂತ 5. ಈಸ್ಟ್. ಪಾತ್ರೆ ತಣ್ಣಗಾಗುವ ಕೊನೆಯಲ್ಲಿ ಶುರು ಮಾಡಿ, ಮುಂಚೆ ಬೇಡ. ನೆನೆದ ಈಸ್ಟನ್ನು ಅರ್ಧ ಗಂಟೆಯೊಳಗೆ ಬಳಸಬೇಕು. 11 ಗ್ರಾಂ ಒಣ ಈಸ್ಟ್ ಪ್ಯಾಕೆಟ್ಟಿಗೆ ಹತ್ತರಷ್ಟು, ಅಂದರೆ 110 ಮಿಲಿ ನೀರು. ಕುದಿಸಿ ಆರಿಸಿದ್ದು, ಸುಮಾರು 30 ಡಿಗ್ರಿ. ಪ್ಯಾಕೆಟ್ಟಿನ ಮೇಲೆ ಬೇರೆ ಅಂಕಿ ಇದ್ದರೆ ಅದನ್ನೇ ಕೇಳಿ. ಬೆರಳಿಟ್ಟು ಅಂದಾಜು ಮಾಡುವ ಬದಲು ಥರ್ಮಾಮೀಟರ್ ಇಡಿ. ಈಸ್ಟನ್ನು ಮೇಲೆ ಉದುರಿಸಿ, 15 ನಿಮಿಷ ಕಲಕದೆ ಬಿಡಿ. ಆಮೇಲೆ ಮೆಲ್ಲಗೆ ತಿರುಗಿಸಿದರೆ ಕೆನೆಯಂತಾಗುತ್ತದೆ.

ಆ ನೀರಿಗೆ ಸಕ್ಕರೆ ಹಾಕಿ ‘ಜೀವ ಇದೆಯಾ ನೋಡೋಣ’ ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಒಣಗಿದ ಕೋಶದ ಪೊರೆಗೆ ಮೊದಲ ಕೆಲವು ನಿಮಿಷ ಏನನ್ನೂ ತಡೆಯುವ ಶಕ್ತಿ ಇರುವುದಿಲ್ಲ. ಸಕ್ಕರೆಯೋ ಹಾಪ್ಸ್ ಕಹಿಯೋ, ಹೊರಗಿದ್ದದ್ದು ಒಳಗೆ ನುಗ್ಗುತ್ತದೆ. ಬರೀ ನೀರಿನಲ್ಲಿ ನೊರೆ ಬರಲಿಲ್ಲ ಎಂದು ಈಸ್ಟ್ ಸತ್ತಿದೆ ಎಂದುಕೊಳ್ಳಲೂ ಬೇಡಿ. ತಿನ್ನಲು ಏನೂ ಇಲ್ಲದಿದ್ದರೆ ನೊರೆ ಎಲ್ಲಿಂದ ಬರಬೇಕು, ಅಲ್ವಾ?

ಈಸ್ಟ್ ನೆನೆದ ಬಟ್ಟಲಿಗೂ ಪಾತ್ರೆಯ ಮಾಲ್ಟ್ ನೀರಿಗೂ 10 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸವಿದ್ದರೆ, ಪಾತ್ರೆಯಿಂದ ಸ್ವಲ್ಪ ತೆಗೆದು ಬಟ್ಟಲಿಗೆ ಬೆರೆಸಿ. ಐದು ನಿಮಿಷ ಬಿಟ್ಟು ಇನ್ನೊಮ್ಮೆ. ಆಮೇಲೆ ಸುರಿಯಿರಿ. ನೇರವಾಗಿ ಉದುರಿಸಿದರೂ ನಡೆಯುತ್ತದೆ ಎಂದು ಕೆಲವು ಕಂಪನಿಗಳೇ ಈಗ ಹೇಳುತ್ತವೆ. ಇಷ್ಟು ತೆಳು ಬಿಯರಿಗೆ ನಡೆಯಲೂಬಹುದು. ಗ್ರಾವಿಟಿ 1.060 ದಾಟಿದರೆ ನೆನೆಸಿಯೇ ಹಾಕಿ.

ದ್ರವ ಈಸ್ಟ್ ಆದರೆ ಇದು ಯಾವುದೂ ಅನ್ವಯಿಸುವುದಿಲ್ಲ. ಒಂದೆರಡು ದಿನ ಮುಂಚೆಯೇ 1 ಲೀಟರ್ ನೀರಿಗೆ 100 ಗ್ರಾಂ ಮಾಲ್ಟ್ ಪುಡಿ ಹಾಕಿ, 10 ನಿಮಿಷ ಕುದಿಸಿ ಆರಿಸಿ, ಅದರಲ್ಲಿ ಈಸ್ಟ್ ಬೆಳೆಸಿ. ಮೇಲೆ ಫಾಯಿಲ್ ಸಡಿಲವಾಗಿ ಮುಚ್ಚಿ, ಹೋದಾಗ ಬಂದಾಗ ಕುಲುಕಿ. ಒಣ ಈಸ್ಟ್‌ಗೆ ಇಂಥ ಉಪಚಾರ ಬೇಡ.

ಸುರಿದ ಮೇಲೆ ಏರ್‌ಲಾಕ್ (ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಕೊಳವೆ) ಮುಂದೆ ಕೂತು ಗುಳ್ಳೆ ಎಣಿಸಬೇಡಿ. ಮುಚ್ಚಳ ಒಂದಿಷ್ಟು ಸಡಿಲವಿದ್ದರೂ ಗ್ಯಾಸ್ ಅಲ್ಲಿಂದಲೇ ಹೋಗಿರುತ್ತದೆ. ಗ್ರಾವಿಟಿ ಅಳೆಯುವ ಹೈಡ್ರೋಮೀಟರ್ ಅದ್ದಿ ನೋಡಿ. ಅಂಕಿ ಇಳಿದಿದ್ದರೆ ಕೆಲಸ ನಡೆದಿದೆ. 72 ಗಂಟೆ ಕಳೆದರೂ ಕದಲದಿದ್ದರೆ ಇನ್ನೊಂದು ಪ್ಯಾಕೆಟ್ ತೆಗೆದು ಇದೇ ರೀತಿ ನೆನೆಸಿ ಹಾಕಿ.